ತಸ್ಲೀಮ್ ಮದುವೆಯೊಳಗೆ ಹಾಲು ಬಿಡಿಸಬೇಕು

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ, ಮಹಾರಾಣಿ ಮಲಗಿರುವಾಗ

ಹಾಲು ಉಕ್ಕಿತು. ಮತ್ತೆ. ಒಲೆ ಒರೆಸುವಷ್ಟರಲ್ಲಿ ನಲ್ಲಿ ಬಂತು. ಕೊಡ ಇಟ್ಟು ಬರುವಷ್ಟರಲ್ಲಿ ರಾಗಿಹಿಟ್ಟಿನ ಡಬ್ಬ ಬಿತ್ತು. ಬಿತ್ತು ಅನ್ನೋದು ಸುಳ್ಳು. ಬೀಳಿಸಲಾಯಿತು. ಘನತೆವೆತ್ತ ಮಹಾರಾಣಿ ಧೃತಿಯವರು, ವಯಸ್ಸು ಎರಡೂಕಾಲು, ಹಿಟ್ಟಿನ ನಡುವೆ ಆಸೀನರಾಗಿ ತಮ್ಮ ತಲೆಗೆ ತಾವೇ ಅಭಿಷೇಕ ಮಾಡಿಕೊಳ್ಳುತ್ತಿದ್ದರು. ನನ್ನನ್ನು ಕಂಡ ಕೂಡಲೇ ಎರಡೂ ಕೈ ಚಾಚಿ — "ಅವ್ವಾ, ಮಮ್ಮು."

ಬೇರೆ ಮನೆಗಳಲ್ಲಿ ಮಮ್ಮು ಅಂದರೆ ಅನ್ನ. ನಮ್ಮ ಮನೆಯಲ್ಲಿ ಎದೆಹಾಲು. ಬಿದ್ದರೆ ಮಮ್ಮು. ಎದ್ದರೆ ಮಮ್ಮು. ಬೆಕ್ಕು ಕಂಡರೆ ಮಮ್ಮು, ಬೆಕ್ಕು ಹೋದರೆ ಆ ದುಃಖಕ್ಕೆ ಮಮ್ಮು. ಮುದ್ದೆ, ಮೊಟ್ಟೆ, ಮಂಡಕ್ಕಿ ಎಲ್ಲಾ ತಿನ್ನುತ್ತಾಳೆ. ಅದು ಊಟ. ಇದು ರಾಜ್ಯಭಾರ.

ಅತ್ತೆ ಜಗಲಿಯಿಂದಲೇ ಕೂಗಿದರು. "ಏನದು ಸದ್ದು? ಮನ್ಯಾಗೇ ಇರ್ತೀಯಲ್ಲ, ಒಂದು ಕೂಸು ನೋಡ್ಕಳಾಕೆ ಆಗಲ್ವಾ?"

ಮನೆಯಲ್ಲೇ ಇರ್ತೀನಿ, ನಿಜ. ಕಂಬವೂ ಮನೆಯಲ್ಲೇ ಇರುತ್ತೆ. ಅದರ ಸೀರೆ ಹಿಡಿದು ಯಾರೂ ಎಳೆಯಲ್ಲ.

ಎದ್ದಳು. ಇನ್ನೂ ಪಾತ್ರೆ...


ಮಾರ್ಚ್ 12, ಬುಧವಾರ

ತಸ್ಲೀಮ್ ಫೋನ್. ಕೈಯಲ್ಲಿ ಒದ್ದೆ ಚಡ್ಡಿ, ಭುಜದಲ್ಲಿ ಮೊಬೈಲು, ಕಾಲಿಗೆ ಮಹಾರಾಣಿ.

"ಅಂಬೀ, ಡೇಟ್ ಫಿಕ್ಸ್ ಆಯ್ತು ಕಣೇ. ರಂಜಾನ್ ಮುಗಿದ ಮೇಲೆ. ಏಪ್ರಿಲ್ ಇಪ್ಪತ್ತು, ಭಾನುವಾರ. ಜಗಳೂರಲ್ಲೇ."

"ಹುಡುಗ?"

"ಇಲಿಯಾಸ್ ಅಂತ. ಚನ್ನಗಿರಿಯೋರು. ಟೈಲ್ಸ್ ಅಂಗಡಿ ಐತೆ."

"ನೋಡಾಕೆ ಹೆಂಗದಾನೆ?"

"ಅಮ್ಮಾ ಹೇಳ್ತಾರೆ, ಬೂಟು ಕನ್ನಡಿ ಹಂಗೆ ಪಾಲಿಶ್ ಮಾಡ್ತಾನಂತೆ."

ಇಬ್ಬರೂ ನಗೋಕೆ ಶುರು. ಬೂಟಿನ ಮಾತು ಸುಮ್ಮನೆ ಬಂದಿದ್ದಲ್ಲ. ಜಗಳೂರಿನಲ್ಲಿ ಒಂಬತ್ತನೇ ಕ್ಲಾಸಿನ ಕೊನೇ ಬೆಂಚು. ತಸ್ಲೀಮ್‌ಗೆ ಅಕ್ಕ ಇಲ್ಲ, ತಂಗಿ ಇಲ್ಲ, ಬರೀ ಅಣ್ಣಂದಿರು. ಅವರ ಮದುವೆಗಳಲ್ಲಿ ಮದುಮಗನ ಬೂಟು ಕದಿಯೋದು ಮದುಮಗಳ ತಂಗಿಯರ ಹಕ್ಕು. ಅದೊಂದೇ ಚಿಂತೆ ಅವಳಿಗೆ. "ನನ್ ಮದುವೇಲಿ ಯಾರು ಕದೀತಾರೆ?" ನಾನು ಎದ್ದು ನಿಂತು ಎದೆ ಮೇಲೆ ಕೈ ಇಟ್ಟು ಹೇಳಿದ್ದೆ — "ನಾನಿರುವ ತನಕ ಆ ಬೂಟು ಸುರಕ್ಷಿತವಾಗಿ ಮನೆ ಸೇರದು." ಸಮಾಜದ ಮೇಷ್ಟ್ರು ಪಾಠ ನಿಲ್ಲಿಸಿ ಹೊರಗೆ ಹಾಕಿದರು. ಬೆಂಚು ಹೋಯಿತು, ಪ್ರತಿಜ್ಞೆ ಉಳಿಯಿತು.

ನನಗೆ ಅನುಭವವೂ ಇತ್ತು. ಶಾಲೆಯ ಗಂಟೆ ಬಾರಿಸೋ ಕಬ್ಬಿಣದ ಸರಳು ಬಚ್ಚಿಟ್ಟವಳು ನಾನೇ. ಪರಿಣಾಮ — ಕೊನೇ ಪಿರಿಯಡ್ ಮುಗಿಯಲೇ ಇಲ್ಲ. ಗಣಿತ. ಎಲ್ಲರ ಜೊತೆ ನಾನೂ ಅನುಭವಿಸಿದೆ.

ಮದುವೆ ಆದ ಮೇಲೆ ಸೇವೆಯಿಂದ ನಿವೃತ್ತಿ. ಈಗ ಮನೆಯಲ್ಲಿ ಕಿಡಿಗೇಡಿ ಬೇರೆಯವರು.


ಮಾರ್ಚ್ 13, ಗುರುವಾರ

ಅತ್ತೆಯ ದರ್ಬಾರಿನಲ್ಲಿ ಅರ್ಜಿ ಸಲ್ಲಿಸಿದೆ. ಅತ್ತೆ ಭೀಮಕ್ಕನವರು ಹುಣಸೆಹಣ್ಣು ಬಿಡಿಸುತ್ತಾ ಆಲಿಸಿದರು.

"ಹಾಲು ಕುಡಿಯೋ ಕೂಸು ಕಟ್ಕಂಡು, ದಾವಣಗೆರೆ ಮ್ಯಾಲಿಂದ ಬಸ್ಸು ಹತ್ತಿ ಇಳಿದು, ಈ ಬಿಸಿಲಾಗೆ? ಬ್ಯಾಡ. ಮೊದ್ಲು ಹಾಲು ಬಿಡ್ಸು. ಎರಡು ವರ್ಷ ದಾಟೈತೆ, ಸಾಕು. ಆಮೇಲೆ ಕೂಸನ್ನ ನಾನು ನೋಡ್ಕಂತೀನಿ, ನೀನೊಬ್ಬಳೇ ಹೋಗಿ ಬಾ."

ಒಬ್ಬಳೇ! ಆ ಮಾತು ಕೇಳಿ ಕಿವಿ ತಂಪಾಯಿತು. ಕಿಟಕಿ ಪಕ್ಕದ ಸೀಟು. ತೊಡೆ ಮೇಲೆ ಬರೀ ಪರ್ಸು.

ಅತ್ತೆ ಹೇಳಿದ್ದು ತಪ್ಪೂ ಅಲ್ಲ. ಕಳೆದ ವರ್ಷ ಉಬ್ರಾಣಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಇಡೀ ಮದುವೆ ನಾನು ನೋಡಿದ್ದು ಉಗ್ರಾಣದಿಂದ — ಲಾಡು ತಟ್ಟೆಗಳ ಮಧ್ಯೆ, ಕದ ಮುಂದೆ ಮಾಡಿಕೊಂಡು, ಇವಳಿಗೆ ಹಾಲು ಕೊಡುತ್ತಾ. ತಾಳಿ ಕಟ್ಟಿದ್ದು ವಾಲಗದ ಸದ್ದಿನಲ್ಲೇ ಗೊತ್ತಾಯಿತು. ಊಟದ ಹೊತ್ತಿಗೆ ಹೋಳಿಗೆ ಖಾಲಿ. ಉಗ್ರಾಣದಲ್ಲಿ ಕೂತು ಬೂಟು ಕದಿಯೋಕೆ ಆಗಲ್ಲ.

ರಾತ್ರಿ ಊಟಕ್ಕೆ ಯಜಮಾನರು ಬಂದರು. ರವಿಕುಮಾರ್, ಶಿವಮೊಗ್ಗ ರೂಟಿನ ಕಂಡಕ್ಟರು. ವಿಷಯ ಹೇಳಿದೆ. ತಟ್ಟೆಯಿಂದ ತಲೆ ಎತ್ತದೆ, "ಬಿಡ್ಸು ಅತ್ಲಾಗೆ, ಏನ್ ಕಷ್ಟ?" ಅಂದರು. ರೈಟ್ ರೈಟ್ ಅಂದಷ್ಟು ಸಲೀಸು.

ತೀರ್ಮಾನ ಅಂಗೀಕಾರವಾಯಿತು. ಹಾಲು ಬಿಡಿಸುವ ಮಹಾಕಾರ್ಯ ನಾಳೆಯಿಂದ.


ಮಾರ್ಚ್ 17, ಸೋಮವಾರ

ನಾಳೆ ಅಂದದ್ದು ಇವತ್ತಾಯಿತು. ನಡುವೆ ಮಿಕ್ಸಿ ಕೆಟ್ಟಿತು, ಅತ್ತೆಯ ಮೊಣಕಾಲು ಕೆಟ್ಟಿತು, ದೋಸೆಹಿಟ್ಟೂ ಕೆಟ್ಟಿತು. ಎಲ್ಲದಕ್ಕೂ ನಾನೇ ಮೆಕ್ಯಾನಿಕ್ಕು.

ಮೊದಲ ಅಸ್ತ್ರ. ಎದೆಗೆ ಬ್ಯಾಂಡೇಡ್ ಅಂಟಿಸಿ ಮುಖ ಸಪ್ಪಗೆ ಮಾಡಿ, "ಮಮ್ಮುಗೆ ಅಬ್ಬು ಆಗೈತೆ ಪುಟ್ಟಾ" ಅಂದೆ. ಮಹಾರಾಣಿ ಬಗ್ಗಿ ಪರೀಕ್ಷಿಸಿದರು. ಕಣ್ಣಲ್ಲಿ ಕರುಣೆ. "ಉಫ್" ಅಂತ ಊದಿದರು. ಕೆನ್ನೆ ಸವರಿದರು. ನನಗೆ ಅಳು ಬರೋ ಹಾಗಾಯಿತು, ಎಂಥಾ ಕೂಸು ನಂದು ಅಂತ.

ಆಮೇಲೆ ಇನ್ನೊಂದು ಕಡೆಯದನ್ನು ಕುಡಿದರು.


ಮಾರ್ಚ್ 22, ಶನಿವಾರ. ಬೆಳಿಗ್ಗೆ, ನಲ್ಲಿ ಬರೋಕೆ ಮುಂಚೆ

ಎರಡನೇ ಅಸ್ತ್ರ ನನ್ನ ಸ್ವಂತ ತಯಾರಿ. ಕಾಡಿಗೆ ತಗೊಂಡು ಗುಮ್ಮನ ಮುಖ ಬರೆದೆ. ಹಲ್ಲು, ಮೀಸೆ, ಉಬ್ಬು ಹುಬ್ಬು. ಕನ್ನಡಿಯಲ್ಲಿ ನೋಡಿ ನಾನೇ ಹೆದರಿದೆ. ಕಲೆ ಅಂದರೆ ಇದು.

ಮಹಾರಾಣಿ ಸೆರಗು ಎತ್ತಿದರು. ಗುಮ್ಮ. ಬೆರಳಿಟ್ಟು ಮೀಸೆ ಮುಟ್ಟಿದರು. ಆಮೇಲೆ — "ಅಜ್ಜಿ!"

ಖುಷಿಯಿಂದ ಚಪ್ಪಾಳೆ. ಅಜ್ಜಿಗೆ ಮುತ್ತು. ಅಜ್ಜಿಗೆ ಟಾಟಾ. ಆಮೇಲೆ ಯಥಾಪ್ರಕಾರ.

ಇಡೀ ಮುಖಕ್ಕೆ ಕಾಡಿಗೆ ಮೆತ್ತಿಕೊಂಡು ಹೊರಗೆ ಓಡಿದಳು. ಜಗಲಿಯಲ್ಲಿ ಅತ್ತೆ, "ಇದೇನೇ ಅವತಾರ?" ಅಂತ ಕೇಳಿದರು. ವಿವರಿಸಲಿಲ್ಲ. ಕೆಲವು ಸತ್ಯಗಳನ್ನು ಅತ್ತೆಯಂದಿರಿಂದ ಕಾಪಾಡಬೇಕು.


ಮಾರ್ಚ್ 30, ಭಾನುವಾರ. ಯುಗಾದಿ

ಎಣ್ಣೆ ನೀರು ಎಲ್ಲರಿಗೂ. ನನಗೆ ಕೊನೇಗೆ, ಅದೂ ತಣ್ಣೀರು. ಹೋಳಿಗೆ ತಟ್ಟಿ ತಟ್ಟಿ ಅಂಗೈ ಕೆಂಪು. ತೋರಣ, ರಂಗೋಲಿ, ಹೊಸ ಬಟ್ಟೆ, ಹೊಸ ಬಟ್ಟೆ ಮೇಲೆ ಹೂರಣ, ಹೂರಣ ತೊಳೆದದ್ದು.

ಒಂದು ಮಾತ್ರ ಮಜವಾಗಿತ್ತು. ಬೇವು-ಬೆಲ್ಲ ಹಂಚುವಾಗ ಮಹಾರಾಣಿ ಮುಖ ಕಿವಿಚುತ್ತಾಳೆ ಅಂತ ಎಲ್ಲರೂ ಕಾಯುತ್ತಿದ್ದೆವು. ಬೇವಿನ ಎಲೆ ಬಾಯಿಗೆ ಹೋಯಿತು. ಮುಖ ಸೊಟ್ಟಗಾಗೋಕೆ ಶುರುವಾಯಿತು. ನಾನು ತಕ್ಷಣ ಜೋರಾಗಿ ಚಪ್ಪಾಳೆ ತಟ್ಟಿ "ಶಭಾಷ್!" ಅಂದೆ, ಬೆಲ್ಲದ ಚೂರು ಬಾಯಿಗೆ ಇಟ್ಟೆ. ರವಿಯೂ ತಟ್ಟಿದರು. ಅತ್ತೆಯೂ. ಅವಳು ನಮ್ಮನ್ನೆಲ್ಲಾ ನೋಡಿ, ಬಟ್ಟಲಿಂದ ತಾನೇ ಇನ್ನೊಂದು ಎಲೆ ತಗೊಂಡು ಬಾಯಿಗೆ ಹಾಕಿಕೊಂಡು, ಬೆಲ್ಲಕ್ಕೆ ಕೈ ಚಾಚಿದಳು. ಮತ್ತೆ ಚಪ್ಪಾಳೆ. ಮತ್ತೆ ಎಲೆ. ವಿಡಿಯೋ ಮಾಡಿ ತಸ್ಲೀಮ್‌ಗೆ ಕಳಿಸಿದೆ. ನಾಳೆ ಅವಳಿಗೆ ಹಬ್ಬ. ಬಿಡುವಿಲ್ಲದಿದ್ದರೂ ಉತ್ತರ ಬಂತು — "ಇವಳು ನಿನಗಿಂತ ಡೇಂಜರ್."


ಏಪ್ರಿಲ್ 3, ಗುರುವಾರ

ಅತ್ತೆಯ ಅಸ್ತ್ರ. ಬ್ರಹ್ಮಾಸ್ತ್ರ ಅಂತಲೇ ಹೇಳಿದರು. "ನಿನ್ ಗಂಡನಿಗೆ ನಾನು ಹಿಂಗೇ ಬಿಡ್ಸಿದ್ದು. ಬೇವಿನ ಸೊಪ್ಪು ಅರೆದು ಹಚ್ಚು. ಒಂದೇ ಸಲ ಬಾಯಿಟ್ಟ, ಮತ್ತೆ ಹತ್ರ ಬರ್ಲಿಲ್ಲ ನೋಡು."

ಹಬ್ಬಕ್ಕೆ ತಂದ ಬೇವು ಇನ್ನೂ ಹಿತ್ತಿಲಲ್ಲಿತ್ತು. ಒರಳಲ್ಲಿ ನುಣ್ಣಗೆ ಅರೆದೆ. ಹಚ್ಚಿದೆ. ವಾಸನೆಗೇ ನನಗೆ ಓಕರಿಕೆ. ಅತ್ತೆ ಬಾಗಿಲ ಹತ್ತಿರ, ಯುದ್ಧ ನೋಡೋಕೆ ಬಂದವರ ಹಾಗೆ ಸ್ಟೂಲು ಹಾಕಿ ಕೂತರು.

ಮಹಾರಾಣಿ ಬಂದರು. ಸೆರಗು ಎತ್ತಿದರು. ಹಸಿರು ನೋಡಿದರು. ನಾಲಗೆ ಚಾಚಿ ನೆಕ್ಕಿದರು. ಮುಖ ಸೊಟ್ಟಗಾಯಿತು. ಅತ್ತೆ ನನ್ನ ಕಡೆ ಗೆದ್ದವರ ಹಾಗೆ ನೋಡಿದರು.

ಕೂಸು ಇನ್ನೊಂದು ಸಲ ನೆಕ್ಕಿತು. ತೊಡೆಯಿಂದ ಇಳಿಯಿತು. ಅಡುಗೆಮನೆಗೆ ಓಡಿತು. ಡಬ್ಬ ಬಿದ್ದ ಸದ್ದು. ವಾಪಸ್ ಬಂದಾಗ ಕೈಯಲ್ಲಿ ಬೆಲ್ಲದ ಉಂಡೆ. ನನ್ನ ಮುಂದೆ ನಿಂತು, ನನ್ನ ಎರಡೂ ಕೈ ಹಿಡಿದು ಒಂದಕ್ಕೊಂದು ತಟ್ಟಿಸಿತು.

"ಶಬಾಶ್ ಅನ್ನು" ಅಂದಿತು.

ನಾನೇ ಕಲಿಸಿದ ವಿದ್ಯೆ. ಹಬ್ಬದ ದಿನ, ಚಪ್ಪಾಳೆ ತಟ್ಟಿ, ವಿಡಿಯೋ ಸಮೇತ. ಈ ಭೂಮಿ ಮೇಲೆ ಬೇವು ಕಂಡರೆ ಹಿಗ್ಗುವ ಒಂದೇ ಕೂಸನ್ನು ಕೈಯಾರೆ ತಯಾರು ಮಾಡಿ, ಅದನ್ನು ಬೇವಿನಿಂದ ಹೆದರಿಸಲು ಹೊರಟಿದ್ದೇನೆ.

ಅತ್ತೆ ಸ್ಟೂಲು ಎತ್ತಿಕೊಂಡು ಹೋದರು. ಬೆನ್ನು ಕುಲುಕುತ್ತಿತ್ತು. ನಗು.


ಏಪ್ರಿಲ್ 4, ಶುಕ್ರವಾರ

ಬೆಳಿಗ್ಗೆ ಸೆರಗು ಎತ್ತಿ ನೋಡಿ, ಬೇವು ಇಲ್ಲ ಅಂತ ಅತ್ತಳು.


ಏಪ್ರಿಲ್ 10, ಗುರುವಾರ. ನ್ಯಾಮತಿ ಬಸ್ ಸ್ಟ್ಯಾಂಡು, ಆಮೇಲೆ ಮನೆ

ನಡುವೆ ಬರೆಯಲಿಲ್ಲ. ಅವಳಿಗೆ ಜ್ವರ ಬಂದಿತ್ತು. ಜ್ವರದಲ್ಲಿ ಮಹಾಕಾರ್ಯ ಬಂದ್. ಹಾಲು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹಾಲು ಇತ್ತಲ್ಲ ಅಂತ ಆಗ ನಾನೇ ಹಾಲಿಗೆ ಕೈ ಮುಗಿದೆ. ಜ್ವರ ಬಿಟ್ಟ ಮೇಲೆ ಮತ್ತೆ ಸಿಟ್ಟು.

ಹೊಸ ಉಪಾಯ ಅತ್ತೆಯ ತಂಗಿಯದು. ವನಜಾಕ್ಷಿ ಚಿಕ್ಕತ್ತೆ ನ್ಯಾಮತಿಯಲ್ಲಿದ್ದಾರೆ. ಅತ್ತೆ, ಕೂಸು ಅಲ್ಲಿ ಎರಡು ದಿನ ಇರೋದು. ನಾನು ಬಿಟ್ಟು ವಾಪಸ್ ಹೊನ್ನಾಳಿಗೆ ಬರೋದು. ತಾಯಿ ಕಾಣದಿದ್ದರೆ ಹಾಲು ಮರೆಯುತ್ತೆ ಅನ್ನೋ ಲೆಕ್ಕ. ಹೋಗುವಾಗ ಬಸ್ಸಿನಲ್ಲಿ ಸೂರಗೊಂಡನಕೊಪ್ಪಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ನನ್ನ ಪಕ್ಕ ಕೂತು, "ಬೆಳ್ಳುಳ್ಳಿ ಹಚ್ಚವ್ವಾ" ಅಂದರು. ಹಿಂದಿನ ಸೀಟಿಂದ ಇನ್ನೊಬ್ಬರು, "ಇಂಗು ಒಳ್ಳೇದು." ಡ್ರೈವರು ಮಾತ್ರ ಸುಮ್ಮನಿದ್ದ, ಪುಣ್ಯಾತ್ಮ.

ಚಿಕ್ಕತ್ತೆ ಮನೆ ಗೋಡೆ ಮೇಲೆ ಅವರ ಮದುವೆ ಫೋಟೋ. ಇಡೀ ವಂಶ ನಿಂತಿದೆ. ಅತ್ತೆ ಇಲ್ಲ. "ಅತ್ತೆ, ನೀವೆಲ್ಲಿ? ಅಡುಗೆಮನ್ಯಾಗೆ ಲಾಡು ಕದಿಯಾಕೆ ಹೋಗಿದ್ರಾ?" ಅಂತ ಕಾಲೆಳೆದೆ. ಅತ್ತೆ ನಡುವಿನ ಬಾಗಿಲು ದಾಟಿ ಹಿತ್ತಿಲಿಗೆ ಹೋದರು.

ಕೂಸು ಕೋಳಿ ನೋಡ್ತಿದ್ದಾಗ ನಾನು ಮೆಲ್ಲಗೆ ಜಾರಿಕೊಂಡೆ. ಹೊನ್ನಾಳಿಗೆ ಬಂದೆ. ಬೀಗ ತೆಗೆದೆ. ಮನೆ ಖಾಲಿ. ನೆಲ ಹೇಗೆ ಒರೆಸಿದ್ದೆನೋ ಹಾಗೇ ಇತ್ತು. ಇಡೀ ಲೋಟ ಚಹಾ ಕುಡಿದೆ, ಬಿಸಿಯಾಗಿ, ಕೂತುಕೊಂಡು. ಕಾಲು ಚಾಚಿ ಮಲಗಿದೆ. ಸುಖ ಅಂದರೆ ಇದೇ ಅಂದುಕೊಂಡೆ.

ಬ್ಲೌಸು ಒದ್ದೆಯಾಗಿತ್ತು. ಪಕ್ಕದ ಮನೆಯಲ್ಲಿ ಯಾರದೋ ಕೂಸು ಅಳುತ್ತಿತ್ತು, ಅಷ್ಟೇ.

ಮುಂದಿನ ಬಸ್ಸಿಗೆ ನ್ಯಾಮತಿ.

ಮಹಾರಾಣಿ ಹಿತ್ತಿಲಲ್ಲಿ ಕೋಳಿಗಳಿಗೆ ಭಾಷಣ ಮಾಡುತ್ತಿದ್ದರು. ಅಳು ಇಲ್ಲ, ಏನೂ ಇಲ್ಲ. ನನ್ನನ್ನು ನೋಡಿದ್ದೇ ತಡ — "ಅವ್ವಾ! ಮಮ್ಮು!"

ಚಿಕ್ಕತ್ತೆ ತಲೆ ಚಚ್ಚಿಕೊಂಡರು. "ಆಗ್ಲೇ ಮರ್ತಿತ್ತು ಕಣೇ! ನೀನ್ಯಾಕೆ ಬಂದೆ?"

ಅತ್ತೆ ಹೇಳಿದರು, "ಇಬ್ರಾಗೆ ಯಾರಿಗೆ ಹಾಲು ಬಿಡಿಸ್ಬೇಕೋ ನಂಗೆ ತಿಳಿವಲ್ದು."

ಸಿಟ್ಟು ಬಂತು. ಯಾರ ಮೇಲೆ ಅಂತ ಇನ್ನೂ ಗೊತ್ತಾಗಿಲ್ಲ.


ಏಪ್ರಿಲ್ 17, ಗುರುವಾರ

ಬೆಳ್ಳುಳ್ಳಿ — ಸೋಲು. ಇಂಗು — ಸೋಲು. ಇವತ್ತು ಇಡೀ ದಿನ ನನ್ನಿಂದ ಒಗ್ಗರಣೆ ವಾಸನೆ.

ಸೋಲು ಒಪ್ಪಿಕೊಂಡೆ. ಸಂಜೆ ತಸ್ಲೀಮ್‌ಗೆ ಫೋನ್ ಮಾಡಿದೆ. ಹಿಂದೆ ಮದರಂಗಿ ಗದ್ದಲ, ಅವರಮ್ಮ ಸೈದಾಬೀ ಯಾರಿಗೋ ಬೈಯುತ್ತಿದ್ದರು.

"ತಸ್ಸೂ, ಆಗಲ್ಲ ಕಣೇ. ಇವಳು ಬಿಡ್ತಿಲ್ಲ. ಬಿಸಿಲು ಬೇರೆ."

ಅವಳು ಜಗಳ ಆಡ್ತಾಳೆ ಅಂದುಕೊಂಡಿದ್ದೆ. ಆಡಿದ್ದರೆ ಚೆನ್ನಾಗಿತ್ತು. "ಆಯ್ತು ಬಿಡು ಅಂಬೀ. ಕೂಸು ಮುಖ್ಯ. ಬೂಟು ಅವನೇ ಹಾಕ್ಕೊಂಡು ಹೋಗ್ಲಿ" ಅಂದಳು. ನಕ್ಕಳು. ಆ ನಗು ನನಗೆ ಗೊತ್ತು. ರಿಸಲ್ಟ್ ದಿನ ಫೇಲ್ ಆದಾಗ ನಕ್ಕಿದ್ದಳಲ್ಲ, ಅದು.

ಫೋನ್ ಇಟ್ಟೆ. ಮಹಾರಾಣಿ ಸೆರಗು ಎಳೆದರು. "ನೀನೇ ಕಣೇ ಕಾರಣ!" ಅಂತ ಕಿರುಚಿಬಿಟ್ಟೆ. ಅವಳ ತುಟಿ ನಡುಗಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿಂದಲೋ. ಕೂಸನ್ನು ಎತ್ತಿಕೊಂಡು ಹೊರಗೆ ಹೋದರು.

ಇವತ್ತು ತಮಾಷೆ ಇಲ್ಲ.


ಏಪ್ರಿಲ್ 18, ಶುಕ್ರವಾರ. ಬೆಳಿಗ್ಗೆ

ರೊಟ್ಟಿ ತಟ್ಟುತ್ತಿದ್ದೆ. ಅತ್ತೆ ಒಲೆ ಹತ್ತಿರ ಬಂದು ನಿಂತರು.

"ಬ್ಯಾಗು ತುಂಬು."

"ಎಲ್ಲಿಗೆ?"

"ಜಗಳೂರಿಗೆ. ನಾಳೆ ನಿಮ್ಮವ್ವನ ಮನ್ಯಾಗೆ ಉಳಿದ್ರೆ ಆತು, ನಾಡಿದ್ದು ಮದುವಿ. ನಾನೂ ಬರ್ತೀನಿ. ಕೂಸನ್ನ ನಾನು ಹಿಡ್ಕಂತೀನಿ, ಹಸಿದಾಗ ಮಾತ್ರ ನಿನ್ ಹತ್ರ ತರ್ತೀನಿ."

"ನಿಮ್ ಮೊಣಕಾಲು?"

"ಮೊಣಕಾಲು ಮನ್ಯಾಗಿದ್ರೂ ನೋಯ್ತೈತೆ."

ನಾನು ಹಿಟ್ಟಿನ ಉಂಡೆ ಹಿಡಿದು ನೋಡ್ತಿದ್ದೆ. ಅತ್ತೆ ರೊಟ್ಟಿ ತಿರುವಿ ಹಾಕಿದರು. ನನ್ನ ಕಡೆ ನೋಡದೆ ಹೇಳಿದರು.

"ಆವತ್ತು ಕೇಳಿದ್ಯಲ್ಲ, ವನಜಾಕ್ಷಿ ಮದುವಿ ಫೋಟೋದಾಗೆ ನಾನೆಲ್ಲಿ ಅಂತ. ರವಿ ಎದೆಹಾಲು ಕುಡೀತಿದ್ದ. ನಮ್ಮತ್ತೆ ಹಾಲು ಬಿಡ್ಸಿ ಹೋಗು ಅಂದ್ರು. ಬೇವು ಹಚ್ಚಿದೆ. ಒಂದೇ ಸಲಕ್ಕೆ ಬಿಟ್ಟ ಅಂದಿದ್ದು ಸುಳ್ಳು. ಬಿಟ್ಟ. ಮದುವಿ ಆದ ಮಾರನೇ ವಾರ."

ರೊಟ್ಟಿ ಸೀದುಹೋಯಿತು.


ಏಪ್ರಿಲ್ 21, ಸೋಮವಾರ. ಜಗಳೂರು, ಅಮ್ಮನ ಮನೆ

ಬರೆಯಲೇಬೇಕು. ಮುಂದಿನ ಪೀಳಿಗೆಗಳು ನಂಬಲಿಕ್ಕಿಲ್ಲ, ಆದರೂ.

ನಿನ್ನೆ ಶಾದಿಮಹಲ್‌ಗೆ ಕಾಲಿಟ್ಟ ಕೂಡಲೇ ಒಬ್ಬ ಹುಡುಗ ಎದುರಿಗೆ ನಿಂತ. ಜಹಾಂಗೀರ್, ಇಲಿಯಾಸ್‌ನ ಚಿಕ್ಕಪ್ಪನ ಮಗ. "ಹೊನ್ನಾಳಿ ಅಕ್ಕ ನೀವೇ ಅಲ್ವಾ? ಭಾಬಿ ನಿಮ್ ಬಗ್ಗೆ ಎಲ್ಲಾ ಹೇಳೌರೆ. ಬೂಟಿನ ಕಾವಲು ನಾನೇ." ಹೇಳೌರೆ! ತಸ್ಲೀಮ್ ಹೆಮ್ಮೆಯಿಂದ ಹೇಳಿಕೊಂಡಿದ್ದಾಳೆ, ನನ್ನ ಕಥೆ ಮುಗಿಸಿದ್ದಾಳೆ. ಆಮೇಲೆ ನಾನು ನೀರು ಕುಡಿಯೋಕೆ ಹೋದರೂ ಅವನು ಹಿಂದೆ.

ನಿಕಾಹ್ ಗಂಡಸರ ಕಡೆ ಆಯಿತು. ಅಲ್ಲಿ ನಮಗೆ ಪ್ರವೇಶ ಇಲ್ಲ. ಉಳಿದಿದ್ದು ಜಲ್ವಾ — ಮದುಮಗನನ್ನು ಹೆಂಗಸರ ಕಡೆ ಕರೆದು ತಂದು, ಮದುಮಗಳ ಎದುರು ಕೂರಿಸಿ, ಇಬ್ಬರ ಮೇಲೂ ಬಟ್ಟೆ ಹೊದಿಸಿ, ನಡುವೆ ಕನ್ನಡಿ ಇಟ್ಟು ಮುಖ ತೋರಿಸೋ ಶಾಸ್ತ್ರ. ಹಾಸಿಗೆ ಮೇಲೆ ಕೂರಬೇಕು, ಬೂಟು ಬಿಚ್ಚಲೇಬೇಕು. ಇಲಿಯಾಸ್ ವೇದಿಕೆ ಮೆಟ್ಟಿಲ ಹತ್ತಿರ ಬಿಚ್ಚಿದ. ನಿಜವಾಗಲೂ ಕನ್ನಡಿ ಹಾಗಿತ್ತು ಪಾಲಿಶು. ಜಹಾಂಗೀರ್ ಮತ್ತು ಅವನ ಗೆಳೆಯರು ಸುತ್ತಲೂ ಗೋಡೆ ಕಟ್ಟಿದರು. ಬಟ್ಟೆಯ ಕೆಳಗಿಂದ ತಸ್ಲೀಮ್ ನನ್ನನ್ನೇ ನೋಡ್ತಿದ್ದಳು. ಮದುಮಗನನ್ನಲ್ಲ. ನನ್ನನ್ನ.

ಒಂದು ಹೆಜ್ಜೆ ಹಾಕಿದೆ. ಜಹಾಂಗೀರ್ ಒಂದು ಹೆಜ್ಜೆ ಹಾಕಿದ. "ಅಕ್ಕಾ, ಬ್ಯಾಡ" ಅಂದ.

ಮುಗೀತು ಅಂದುಕೊಂಡೆ. ಆಗ ಹಾಲ್‌ನ ಆ ತುದಿಯಿಂದ —

"ಅವ್ವಾಆಆ! ಮಮ್ಮುಊಊ!"

ಅಜ್ಜಿಯ ಕೈಯಿಂದ ತಪ್ಪಿಸಿಕೊಂಡು ಬಂದಿತು. ಕುರ್ಚಿಗಳ ಸಂದಿಯಲ್ಲಿ, ಗಾಗ್ರಾಗಳ ಅಡಿಯಲ್ಲಿ. ಇಡೀ ಮಹಲ್ ತಿರುಗಿ ನೋಡಿತು. ನನಗೆ ಬಂದ ಸಿಟ್ಟು! ಇದೊಂದು ಗಳಿಗೆ, ಇದೊಂದೇ ಗಳಿಗೆ ಬಿಡಬಾರದಿತ್ತಾ? ಬಂದದ್ದೇ ಕಾಲಿಗೆ ಅಪ್ಪಿ, ಸೀರೆ ಹತ್ತೋಕೆ ಶುರು. ಬೇರೆ ದಾರಿ ಇಲ್ಲದೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ಸೆರಗು ಹರಡಿದೆ.

ಜಹಾಂಗೀರ್ ಕಿವಿ ಕೆಂಪಾಯಿತು. ತಕ್ಷಣ ಬೆನ್ನು ತಿರುಗಿಸಿದ. ಅವನ ಗೆಳೆಯರೂ. ಒಳ್ಳೆ ಮನೆಯ ಹುಡುಗರು, ಸಾಲಾಗಿ, ಗೋಡೆ ಕಡೆ ಮುಖ.

ಬೂಟು ನನ್ನ ಮೊಣಕಾಲ ಪಕ್ಕದಲ್ಲಿತ್ತು.

ಒಂದು. ಆಮೇಲೆ ಇನ್ನೊಂದು. ಸೆರಗಿನ ಒಳಗೆ, ಮಹಾರಾಣಿಯ ಬೆನ್ನಿಗೆ ಒತ್ತಿ. ಅವಳು ಕುಡಿಯೋದು ನಿಲ್ಲಿಸಿದಳು. ಬೂಟು ನೋಡಿದಳು. ನನ್ನನ್ನು ನೋಡಿದಳು. ಬೆರಳು ತುಟಿ ಮೇಲೆ ಇಟ್ಟೆ. ದೇವರಾಣೆ, ಅರ್ಥವಾಯಿತು ಆ ಕೂಸಿಗೆ. ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತೆಗೆದು ಮತ್ತೆ ಕುಡಿಯತೊಡಗಿತು. ಅಷ್ಟು ಗಂಭೀರವಾದ ಮುಖ ನಾನು ನೋಡಿಲ್ಲ.

ಶಾಸ್ತ್ರ ಮುಗಿಯಿತು. ಬೂಟಿಲ್ಲ! ಗದ್ದಲ. ಕುರ್ಚಿ ಕೆಳಗೆ, ಹಾಸಿಗೆ ಕೆಳಗೆ, ಬಿರಿಯಾನಿ ಹಂಡೆಗಳ ಹಿಂದೆ. ತಸ್ಲೀಮ್ ಅಣ್ಣಂದಿರ ಜೇಬು ತಡವಿದರು. ಜಹಾಂಗೀರ್ ಬೆವರುತ್ತಾ ನನ್ನ ಹತ್ತಿರ ಬಂದ, ನೆಲ ನೋಡುತ್ತಾ, "ಅಕ್ಕಾ... ನೀವು..."

ಅಷ್ಟರಲ್ಲಿ ಅತ್ತೆ. ನನ್ನ ಪಕ್ಕ ಧಪ್ಪನೆ ಕೂತರು. "ಏನಪ್ಪಾ? ಹಾಲು ಕುಡ್ಸೋ ತಾಯಿ ಹತ್ರ ಏನು ಹುಡುಕ್ತೀಯಾ? ಹೋಗು, ಆ ಕಡೆ ನೋಡು."

"ತಪ್ಪಾಯ್ತು ಅಮ್ಮಾ" ಅಂತ ಓಡಿದ.

ಅತ್ತೆ ಸೆರಗು ಸರಿಮಾಡುವ ನೆಪದಲ್ಲಿ ಬಗ್ಗಿ, ಹೊರಗೆ ಇಣುಕುತ್ತಿದ್ದ ಬೂಟಿನ ಲೇಸನ್ನು ಒಳಗೆ ತುರುಕಿದರು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ನನ್ನ ಇಷ್ಟು ವರ್ಷದ ಕಿಡಿಗೇಡಿತನ ಈ ಹೆಂಗಸಿನ ಮುಂದೆ ಎಳಸು.

ಕೊನೇಗೆ ಇಲಿಯಾಸ್ ಸೋಲೊಪ್ಪಿದ. ನಮ್ಮ ಷರತ್ತು — ಹೆಂಗಸರ ಪಂಕ್ತಿಗೆ ಸಿಹಿ ಮೀಠಾ ಅವನೇ ಬಡಿಸಬೇಕು, ಬರಿಗಾಲಲ್ಲಿ. ಬಕೆಟ್ ಹಿಡಿದು ಬಂದ, ಪಾಪ, ನಗುತ್ತಲೇ. ಎಲ್ಲರ ಎದುರು ಸೆರಗಿನಿಂದ ಬೂಟು ತೆಗೆದಾಗ ಸೈದಾಬೀ ಚಾಚಿ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ತಸ್ಲೀಮ್ ಮಾತ್ರ ನಗಲಿಲ್ಲ. ಅತ್ತುಬಿಟ್ಟಳು, ಕಾಡಿಗೆ ಎಲ್ಲಾ ಕೆಡಿಸಿಕೊಂಡು.

ಎಲ್ಲರೂ ನಿಂತು ಫೋಟೋ. ಅತ್ತೆಯನ್ನು ನಡುವೆ ನಿಲ್ಲಿಸಿದೆ. ಬೇಡ ಬೇಡ ಅಂತಲೇ ನಿಂತರು.


ಏಪ್ರಿಲ್ 23, ಬುಧವಾರ. ಹೊನ್ನಾಳಿ

ಮೊನ್ನೆ ಸಂಜೆಯೇ ವಾಪಸ್. ಧೂಳು, ಒಗೆಯೋ ಬಟ್ಟೆ, ಹುಳಿ ಬಂದ ಹಿಟ್ಟು. ನಾವಿಲ್ಲದಾಗ ಯಜಮಾನರು ಒಂದೇ ಲೋಟ ಬಳಸಿದ್ದಾರೆ, ಎಲ್ಲದಕ್ಕೂ. ಅದನ್ನು ಹೆಮ್ಮೆಯಿಂದ ಹೇಳಿದರು.

ವಿಚಿತ್ರ ಒಂದು. ಸೋಮವಾರ ಬಸ್ಸಿನಲ್ಲಿ ಅತ್ತೆಯ ತೊಡೆ ಮೇಲೆ ಮಲಗಿದವಳು ಹಾಲು ಕೇಳಲಿಲ್ಲ. ನಿನ್ನೆಯೂ ಇಲ್ಲ. ಇವತ್ತು ಬಿದ್ದು ಮೊಣಕಾಲು ತರಚಿಕೊಂಡಳು, ಅತ್ತಳು, ಅಜ್ಜಿ ಹತ್ತಿರ ಬೆಲ್ಲ ಇಸಕೊಂಡು ಹೋದಳು. ನಾನು ಅಲ್ಲೇ ಇದ್ದೆ. ಕಂಬದ ಹಾಗೆ.

ಬೇವು ಮಾಡದ ಕೆಲಸ ಬೂಟ್ ಪಾಲಿಶ್ ಮಾಡಿತಾ? ಅಥವಾ ಅವಳಿಗೇ ಸಾಕಾಯಿತಾ? ಇಷ್ಟು ಸುಲಭ ಇದ್ದಿದ್ದರೆ, ಬೆಳ್ಳುಳ್ಳಿ ಇಂಗು ಎಲ್ಲಾ ಯಾಕೆ ಮೆತ್ತಿಸಿದಳು ನನಗೆ? ಹೇಳದೆ ಕೇಳದೆ ರಾಜೀನಾಮೆ. ಒಂದು ನೋಟೀಸ್ ಬೇಡವಾ?

ಕೊನೇ ಸಲ ಅಂತ ಗೊತ್ತಿದ್ದರೆ ಬೂಟಿನ ಕಡೆ ನೋಡುತ್ತಿರಲಿಲ್ಲ.


ಏಪ್ರಿಲ್ 24, ಗುರುವಾರ

ಎದೆ ಕಲ್ಲು. ಕೈ ಎತ್ತೋಕೆ ಆಗಲ್ಲ. ರೊಟ್ಟಿ ತಟ್ಟುವಾಗ ಕಣ್ಣಲ್ಲಿ ನೀರು.

ಅತ್ತೆ ನೋಡಿದರು. ಮಾರ್ಕೆಟ್‌ಗೆ ಹೋಗಿ ಮೊಳಗಟ್ಟಲೆ ಮಲ್ಲಿಗೆ ತಂದರು. ತಲೆ ಬಗ್ಗಿಸಿದೆ. "ತಲಿಗಲ್ಲ ಕಣೇ" ಅಂದರು. ಕೋಣೆಗೆ ಕರೆದು ಕದ ಹಾಕಿ, ಹೂವನ್ನು ಎದೆಗೆ ಒತ್ತಿ, ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತಿದರು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತಂತೆ. ಅವರಿಗೂ ಕಟ್ಟಿದ್ದರಂತೆ, ಅವರ ಅತ್ತೆ.

"ಆಗ ಅತ್ರಾ?" ಅಂತ ಕೇಳಿದೆ.

"ಹೂವಿನ ಘಾಟಿಗೆ" ಅಂದರು.

ಸಂಜೆ ರವಿ ಬಂದರು. ಮೂಗು ಅರಳಿಸಿ, "ಏನು, ಮನೆ ತುಂಬಾ ಮಲ್ಲಿಗೆ? ಏನ್ ವಿಶೇಷ?" ಮುಖದಲ್ಲಿ ಏನೋ ಆಸೆ.

"ವಿಶೇಷ ಏನಿಲ್ಲ. ಹಿಂದಕ್ಕೆ ಸರೀರಿ. ಬಸ್ ಫುಲ್."


ಏಪ್ರಿಲ್ 27, ಭಾನುವಾರ. ಸಂಜೆ

ನೋವು ಇಳಿದಿದೆ. ಹೂವು ಬಾಡಿದೆ. ಒಲೆ ಮೇಲೆ ಹಾಲಿದೆ. ಇವತ್ತು ಉಕ್ಕಿಲ್ಲ, ಯಾಕೆಂದರೆ ಯಾರೂ ಎಳೆಯಲಿಲ್ಲ, ಪಕ್ಕದಲ್ಲೇ ನಿಂತು ನೋಡಿಕೊಂಡೆ. ಬೇಜಾರಿನ ಕೆಲಸ.

ಮಧ್ಯಾಹ್ನ ಮಹಾರಾಣಿ ಬಂದು ತೊಡೆ ಹತ್ತಿದರು. ಸೆರಗು ಎತ್ತಿದರು. ಕೇಳಿದರೆ ಕೊಟ್ಟುಬಿಡುತ್ತೇನೆ ಅಂತ ತೀರ್ಮಾನಿಸಿಬಿಟ್ಟಿದ್ದೆ, ಮಲ್ಲಿಗೆ ಎಲ್ಲಾ ಕಿತ್ತೆಸೆದು. ಒಳಗೆ ಇಣುಕಿದರು. ಆ ಕಡೆ ನೋಡಿದರು, ಈ ಕಡೆ ನೋಡಿದರು.

"ಬೂಟು ಇಲ್ವಾ?"

"ಇಲ್ಲ ಪುಟ್ಟಾ."

ನಿರಾಸೆಯಿಂದ ಇಳಿದು ಹೊರಟುಹೋದರು.

ಈಗ ಹೊರಗೆ ಗಲಾಟೆ. ಅತ್ತೆ ದೇವಸ್ಥಾನಕ್ಕೆ ಹೊರಟಿದ್ದಾರೆ, ಒಂದು ಚಪ್ಪಲಿ ಕಾಣ್ತಿಲ್ಲ. "ನಾಯಿ ಎಳ್ಕಂಡು ಹೋತೇನೋ" ಅಂತ ಒಂಟಿ ಚಪ್ಪಲಿ ಹಿಡಿದು ಬೀದಿ ಉದ್ದಕ್ಕೂ ಹುಡುಕುತ್ತಿದ್ದಾರೆ. ಕಿಟಕಿಯಿಂದ ಜಗಲಿ ಕಾಣುತ್ತೆ. ಅಲ್ಲಿ ಕೂತಿದ್ದಾಳೆ. ಮೈ ತುಂಬಾ ನನ್ನ ದುಪಟ್ಟಾ. ಮಡಿಲಲ್ಲಿ ಗೊಂಬೆ. ದುಪಟ್ಟಾ ಒಳಗೆ ಗೊಂಬೆಗೆ ಹಾಲು ಕುಡಿಸುತ್ತಿದ್ದಾಳೆ, ತುಂಬಾ ಗಂಭೀರವಾಗಿ. ಗೊಂಬೆ ಪಕ್ಕದಲ್ಲಿ ಏನೋ ಉಬ್ಬಿದೆ.

ನನ್ನನ್ನು ನೋಡಿದಳು. ಬೆರಳು ತುಟಿ ಮೇಲೆ ಇಟ್ಟಳು.

ಅತ್ತೆ ಒಳಗೆ ಬಂದರು. "ಅಂಬಿಕಾ, ನನ್ ಚಪ್ಪಲಿ ಏನಾದ್ರೂ ಕಂಡ್ಯಾ?" ಅಂತ ಕೇಳ್ತಿದ್ದಾರೆ. ನಾನು, "ನಾಯೀನೇ ಇರ್ಬೇಕು ಅತ್ತೆ" ಅಂದೆ.